ಬಿಸಿಲು ಬೆನ್ನಿಗಿರುವಾಗ: ಕೇರ್ನ್ಸ್‌ನಿಂದ ಲಿಜಾರ್ಡ್ ದ್ವೀಪಕ್ಕೆ ಹಾಯಿದೋಣಿಯಲ್ಲಿ

ಬಯಲು ಕಡಲಲ್ಲಿ ಗಾಳಿ ನೋಡಿ ಲಂಗರು ಎತ್ತುತ್ತಾರೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದಿಬ್ಬಗಳ ಸಾಲಿನ ಒಳಗಡಲಲ್ಲಿ ಅದಕ್ಕೂ ಮೊದಲು ಇನ್ನೊಂದು ಲೆಕ್ಕ ಹಾಕಬೇಕು: ಮುಂದಿನ ತಾಣ ಮುಟ್ಟುವ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ? ಎತ್ತರದಲ್ಲಿ, ಬೆನ್ನ ಹಿಂದೆ ಇದ್ದರೆ ನೀರಿನೊಳಗಿನ ಹವಳ ಬಣ್ಣಬಣ್ಣವಾಗಿ ಕಾಣುತ್ತದೆ. ಎದುರಿಗಿದ್ದರೆ ಕಾಣುವುದು ಬೆಳ್ಳಿಯ ತಗಡಿನಂಥ ಹೊಳಪು ಮಾತ್ರ, ಅದರಡಿ ಒಂದಡಿ ಆಳದಲ್ಲಿ ಬಂಡೆ ಇದ್ದರೂ ಗೊತ್ತಾಗುವುದಿಲ್ಲ. ಹಾಗಾಗಿ ಬೆಳಗ್ಗೆ ಎಷ್ಟು ಗಂಟೆಗೆ ಹೊರಡಬೇಕೆನ್ನುವುದನ್ನು ಮಧ್ಯಾಹ್ನದಿಂದ ಹಿಂದಕ್ಕೆ ಎಣಿಸಿ ತೀರ್ಮಾನಿಸುವುದು ಇಲ್ಲಿನ ರೂಢಿ.

ದೋಣಿ 28 ಅಡಿ ಉದ್ದದ್ದು, ಅದರ ಕೀಲ್, ಅಂದರೆ ತಳದ ರೆಕ್ಕೆ, ನೀರಿನೊಳಗೆ 1.3 ಮೀಟರ್ ಇಳಿಯುತ್ತದೆ. ಮೂರು ಜನ, ಸೆಪ್ಟೆಂಬರ್ ತಿಂಗಳು. ಬಾಡಿಗೆ, ಕಾಗದಪತ್ರದ ವಿವರಗಳನ್ನು ಬಿಡೋಣ. ಹೊರಡುವ ಮುನ್ನ ಧಕ್ಕೆಯಲ್ಲೇ ಮಾಡಬೇಕಾದ ಒಂದು ಕೆಲಸವನ್ನು ಮಾತ್ರ ಹೇಳಲೇಬೇಕು. ಆಳಮಾಪಕ ತೋರಿಸುವ ಅಂಕಿ ನೀರಿನ ಮೇಲ್ಮೈಯಿಂದ ಲೆಕ್ಕವೋ, ಕೀಲ್‌ನ ತಳದಿಂದಲೋ, ಅಥವಾ ಸಂವೇದಕ ಕೂರಿಸಿದ ಜಾಗದಿಂದಲೋ? ಹಿಂದಿನವರು ಹೇಗೆ ಹೊಂದಿಸಿಟ್ಟಿದ್ದರೋ ಯಾರಿಗೆ ಗೊತ್ತು. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಅಳೆದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನಮ್ಮ ಮಾಪಕ 40 ಸೆಂಟಿಮೀಟರ್ ಕಡಿಮೆ ತೋರಿಸುತ್ತಿತ್ತು, ಅಂದರೆ ಸಂವೇದಕದಿಂದ ಕೆಳಕ್ಕೆ ಅಳೆಯುತ್ತಿತ್ತು. ಅದನ್ನು ಮೇಲ್ಮೈಗೆ ಹೊಂದಿಸಿಕೊಂಡೆವು, ನಕ್ಷೆಯ ಆಳ ಮತ್ತು ಉಬ್ಬರದ ಲೆಕ್ಕಕ್ಕೆ ಅದೇ ಸುಲಭ.

ಮೊದಲ ದಿನ: ಲೋ ಐಲ್ಸ್

ಕೇರ್ನ್ಸ್ ಬಂದರಿನಿಂದ ಹೊರಬರುವ ಕಾಲುವೆ ಉದ್ದನೆಯದು. ಹೂಳೆತ್ತಿದ ದಾರಿ ಅದು, ಎರಡೂ ಪಕ್ಕ ಕೆಸರಿನ ತೆಳುನೀರು. ಇಲ್ಲಿ ಬಂದರಿಗೆ ಒಳಬರುವಾಗ ಕೆಂಪು ಗುರುತು ಎಡಕ್ಕೆ, ಹಸಿರು ಬಲಕ್ಕೆ, ಹೊರಹೋಗುವಾಗ ತಿರುವುಮುರುವು. ಅಮೆರಿಕ ಖಂಡದ ಕಡೆ ದೋಣಿ ನಡೆಸಿ ಬಂದವರು ಈ ಮೊದಲ ಅರ್ಧ ಗಂಟೆಯಲ್ಲೇ ಎಡವುತ್ತಾರೆ, ಅಲ್ಲಿನ ಪದ್ಧತಿ ಇದಕ್ಕೆ ಪೂರಾ ಉಲ್ಟಾ.

ಲೋ ಐಲ್ಸ್‌ಗೆ ಸುಮಾರು 35 ನಾಟಿಕಲ್ ಮೈಲಿ. ಐದೂವರೆ ನಾಟ್, ಅಂದರೆ ಗಂಟೆಗೆ ಐದೂವರೆ ನಾಟಿಕಲ್ ಮೈಲಿ ವೇಗಕ್ಕೆ ಆರೂವರೆ ಗಂಟೆಯ ದಾರಿ, ಆದ್ದರಿಂದ ಆರೂವರೆಗೇ ಹೊರಟಿದ್ದು. ಆಗ್ನೇಯ ಗಾಳಿ 15ರಿಂದ 18 ನಾಟ್, ನಮಗೆ ಹೆಚ್ಚುಕಡಿಮೆ ಬೆನ್ನಿಂದ. ಬೆನ್ನಗಾಳಿ ಹಿತ ಅನ್ನಿಸಿದರೂ ಅದರಲ್ಲಿ ಎರಡು ಮೋಸಗಳಿವೆ. ಅಲೆಗೆ ದೋಣಿ ಒಮ್ಮೆ ಅಡ್ಡ ತಿರುಗಿದರೆ ದೊಡ್ಡ ಹಾಯಿಯ ಬುಡದ ಅಡ್ಡಕೋಲು, ಅಂದರೆ ಬೂಮ್, ರಪ್ಪನೆ ಆಚೆಗೆ ಬೀಸಿ ತಲೆ ಒಡೆಯಬಹುದು. ಅದಕ್ಕೆ ಬೂಮ್‌ನ ತುದಿಯಿಂದ ಮುಂದಕ್ಕೆ ಒಂದು ಹಗ್ಗ ಬಿಗಿದಿಡಬೇಕು. ಎರಡನೆಯದನ್ನು ಯಾರೂ ಮೊದಲು ಗಮನಿಸುವುದಿಲ್ಲ: ಉಬ್ಬಿದ ಮುಂಹಾಯಿ ಚುಕ್ಕಾಣಿ ಹಿಡಿದವರ ಕಣ್ಣಿಗೆ ಅಡ್ಡ ಬರುತ್ತದೆ. ಬಯಲಲ್ಲಿ ಪರವಾಗಿಲ್ಲ. ಹವಳದಿಬ್ಬಕ್ಕೆ ಎರಡು ಮೈಲಿ ಇರುವಾಗಲೇ ಅದನ್ನು ಸುತ್ತಿಬಿಡಬೇಕು.

ಲೋ ಐಲ್ಸ್ ಎಂದರೆ ಒಂದೇ ದಿಬ್ಬದ ಮೇಲೆ ಎರಡು ದ್ವೀಪ. ಒಂದು ಮರಳಿನದು, ಅದರ ಮೇಲೆ 1878ರ ದೀಪಸ್ತಂಭ. ಇನ್ನೊಂದು ಕಾಂಡ್ಲಾ ಕಾಡಿನದು. ಹವಳದ ಬಗ್ಗೆ ಬ್ರಿಟಿಷ್ ವಿಜ್ಞಾನಿಗಳ ದೊಡ್ಡ ತಂಡವೊಂದು 1928–29ರಲ್ಲಿ ಮಾರಿಸ್ ಯಂಗ್ ಅವರ ನೇತೃತ್ವದಲ್ಲಿ ವರ್ಷವಿಡೀ ಇಲ್ಲೇ ಬೀಡುಬಿಟ್ಟಿತ್ತು. ದೋಣಿ ನಿಲ್ಲಿಸುವ ಜಾಗ ವಾಯವ್ಯಕ್ಕೆ, ಗಾಳಿಯ ಮರೆಯಲ್ಲಿ. ಪಶ್ಚಿಮದಿಂದ ಒಳಹೋಗಬೇಕಾದ್ದರಿಂದ ಮಧ್ಯಾಹ್ನದ ನಂತರದ ಸೂರ್ಯ ಸರಿಯಾಗಿ ಬೆನ್ನಿಗೆ ಬರುತ್ತಾನೆ. ಬೆಳಗ್ಗೆ ಒಂಬತ್ತಕ್ಕೆ ಬಂದಿದ್ದರೆ ಇದೇ ದಾರಿ ಕುರುಡುದಾರಿ.

ಬಣ್ಣಗಳ ಪಾಠ ಇಲ್ಲಿಂದ ಶುರು. ಕಡುನೀಲಿ ಇದ್ದಲ್ಲಿ ಚಿಂತೆಯಿಲ್ಲ, ಹದಿನೈದು ಮೀಟರ್‌ಗೂ ಹೆಚ್ಚು ಆಳ. ನೀಲಿಗೆ ಹಸಿರು ಬೆರೆತರೆ ಮರಳಿನ ಮೇಲೆ ಐದಾರು ಮೀಟರ್ ನೀರು. ತಿಳಿಹಸಿರು ಎರಡು ಮೀಟರ್ ಆಸುಪಾಸು, ನಮ್ಮ ಕೀಲ್‌ಗೆ ಅದೇ ಗಡಿ. ಹಳದಿಯೋ ಕಂದೋ ಕಂಡಿತೆಂದರೆ ಹವಳ ಮೇಲ್ಮೈಗೆ ಬಂದಿದೆ, ಆ ಕಡೆ ಮೂತಿ ತಿರುಗಿಸಕೂಡದು. ಧ್ರುವೀಕೃತ ಗಾಜಿನ ಕನ್ನಡಕ ಇಲ್ಲದೆ ಇದ್ಯಾವುದೂ ಸರಿಯಾಗಿ ಕಾಣದು. ಹಾಕಿಕೊಂಡು ತಲೆಯನ್ನು ಸ್ವಲ್ಪ ವಾರೆ ಮಾಡಿದರೆ ಹೊಳಪು ಇನ್ನಷ್ಟು ಸಾಯುತ್ತದೆ. ಮೋಡದ ನೆರಳೂ ದಿಬ್ಬದ ಹಾಗೇ ಕಪ್ಪಗೆ ಕಾಣುತ್ತದೆ. ಅನುಮಾನ ಬಂದರೆ ವೇಗ ತಗ್ಗಿಸಿ ಅರ್ಧ ನಿಮಿಷ ಕಾಯುವುದು. ನೆರಳು ಜರುಗುತ್ತದೆ, ಹವಳ ಜರುಗುವುದಿಲ್ಲ. ವಿಚಿತ್ರವೆಂದರೆ ಕನ್ನಡಿಯಂತೆ ನಿಂತ ನೀರಿಗಿಂತ ಸಣ್ಣ ತೆರೆಯಿರುವ ನೀರೇ ವಾಸಿ. ನಿಂತ ನೀರು ಆಕಾಶವನ್ನೇ ತೋರಿಸುತ್ತದೆ.

ಲಂಗರು ಇಳಿಸಕೂಡದ ಜಾಗಕ್ಕೆ ಬಿಳಿ ಪಿರಮಿಡ್ ಆಕಾರದ ತೇಲುಗುರುತುಗಳನ್ನು ಹಾಕಿದ್ದಾರೆ. ಲಂಗರಿನ ಬದಲು ದೋಣಿ ಕಟ್ಟಲೆಂದು ತೇಲಬಿಟ್ಟ ಸಾರ್ವಜನಿಕ ಕಟ್ಟುಬುರುಡೆಗಳೂ ಇವೆ. ಕಟ್ಟುವ ಮುನ್ನ ಅದರ ಪಟ್ಟಿ ಓದಬೇಕು: ಎಷ್ಟು ಉದ್ದದ ದೋಣಿಗೆ, ಎಷ್ಟು ಗಾಳಿಯವರೆಗೆ, ಎಷ್ಟು ಹೊತ್ತಿಗೆ ಎಂದು ಅದರಲ್ಲೇ ಬರೆದಿರುತ್ತದೆ. ರಾತ್ರಿ ದೋಣಿ ತೊಟ್ಟಿಲಾಯಿತು. ಇಂಥ ತಾಣಗಳ ಸ್ವಭಾವವೇ ಹಾಗೆ: ಇಳಿತದಲ್ಲಿ ದಿಬ್ಬ ನೀರಿಂದ ಮೇಲೆದ್ದು ಅಲೆ ತಡೆಯುತ್ತದೆ, ಉಬ್ಬರದಲ್ಲಿ ಅದೇ ದಿಬ್ಬದ ಮೇಲೆ ಹಾದು ಅಲೆ ಒಳಬರುತ್ತದೆ. ಉಬ್ಬರದ ಪಟ್ಟಿ ನೋಡಿದರೆ ಯಾವ ಎರಡು ಗಂಟೆ ನಿದ್ದೆ ಕೆಡುತ್ತದೆಂದು ಮೊದಲೇ ಹೇಳಬಹುದು.

ಎರಡನೆಯ ದಿನ: ಹೋಪ್ ದ್ವೀಪಗಳು

39 ಮೈಲಿ, ಆರಕ್ಕೆ ಹೊರಟು ಒಂದರ ಹೊತ್ತಿಗೆ ತಲುಪುವ ಅಂದಾಜು. ಡೇನ್‌ಟ್ರೀ ನದಿಯ ಮುಂದೆ ನೀರು ಮಣ್ಣುಬಣ್ಣ. ಅಲ್ಲಿ ಕಣ್ಣು ಕೆಲಸಕ್ಕೆ ಬಾರದು. ನಕ್ಷೆ, ಆಳಮಾಪಕ ನಂಬಿ ದಡದಿಂದ ದೂರ ಸಾಗಬೇಕು. ಕೇಪ್ ಟ್ರಿಬ್ಯುಲೇಷನ್ ಬಳಿ ಮಳೆಕಾಡು ಬೆಟ್ಟದಿಂದ ಇಳಿದು ನೇರ ಮರಳಿಗೇ ಬಂದು ನಿಂತಿದೆ, ತುದಿಗಳಿಗೆಲ್ಲ ಮೋಡ.

ಹನ್ನೊಂದರ ಹೊತ್ತಿಗೆ ಗಾಳಿ ಸಡಿಲಿತು. ಮುಂದೆ ಉದ್ದಕ್ಕೆ ಕಂದು ಪಟ್ಟೆ! ಮುಂದೆ ನಿಂತಿದ್ದವರು ಕೂಗಿಕೊಂಡರು, ದೋಣಿ ನಿಲ್ಲಿಸಿದ್ದಾಯಿತು. ನಕ್ಷೆಯಲ್ಲಿ ಅಲ್ಲಿ ಇಪ್ಪತ್ತು ಮೀಟರ್. ಹತ್ತಿರ ಹೋದರೆ ನೀರ ಮೇಲೆ ಗರಗಸದ ಹೊಟ್ಟು ಚೆಲ್ಲಿದಂತೆ ತೇಲುತ್ತಿತ್ತು. ಟ್ರೈಕೋಡೆಸ್ಮಿಯಮ್ ಎಂಬ ಸೂಕ್ಷ್ಮಜೀವಿ ಅದು. ಬೇಸಗೆಗೆ ಮುಂಚಿನ ಶಾಂತ ದಿನಗಳಲ್ಲಿ ಇಲ್ಲಿ ಮೈಲಿಗಟ್ಟಲೆ ಹರಡುತ್ತದೆ, ಹಳೆ ನಾವಿಕರು ಅದನ್ನು ಕಡಲ ಹೊಟ್ಟು ಎಂದೇ ಕರೆಯುತ್ತಿದ್ದರು. ದಿಬ್ಬವೋ ಹೊಟ್ಟೋ ತಿಳಿಯಲು ಅಂಚು ನೋಡಬೇಕು. ಹೊಟ್ಟಿನ ಪಟ್ಟೆ ಗಾಳಿಯ ದಿಕ್ಕಿಗೆ ಸಾಲುಗಟ್ಟುತ್ತದೆ, ಹವಳದ ಕಂದಿನ ಸುತ್ತ ತಿಳಿಹಸಿರಿನ ಅಂಚು ಇದ್ದೇ ಇರುತ್ತದೆ. ಖಾತ್ರಿಯಾಗುವವರೆಗೆ ದಿಬ್ಬವೆಂದೇ ತಿಳಿಯುವುದು ಕ್ಷೇಮ.

ಬಲಕ್ಕೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಎಂಡೆವರ್ ರೀಫ್. ಬ್ರಿಟಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು 1770ರ ಜೂನ್ 11ರ ರಾತ್ರಿ ಹನ್ನೊಂದರ ಸುಮಾರಿಗೆ ಅದರ ಮೇಲೆ ಹತ್ತಿ ಕೂತಿತು. ಬೆಳದಿಂಗಳಿತ್ತು, ಆಳ ಅಳೆಯುವವರೂ ಇದ್ದರು. ಆದರೆ ಈ ದಿಬ್ಬಗಳು ಗೋಡೆಯ ಹಾಗೆ ನೆಟ್ಟಗೆ ಏಳುತ್ತವೆ, ಈಗ ಹದಿನೇಳು ಮಾರು ಆಳ ಸಿಕ್ಕಿ ಮತ್ತೆ ಗುಂಡು ಎಸೆಯುವಷ್ಟರಲ್ಲಿ ಹಡಗು ಬಂಡೆಯ ಮೇಲೆ. ಅದಕ್ಕಿಂತ ದೊಡ್ಡ ದುರದೃಷ್ಟವೆಂದರೆ ಹತ್ತಿದ್ದು ತುಂಬು ಉಬ್ಬರದಲ್ಲಿ. ಆರು ಫಿರಂಗಿ ಸೇರಿ 40–50 ಟನ್ ಭಾರ ಕಡಲಿಗೆ ಎಸೆದು ಮರುದಿನದ ಉಬ್ಬರಕ್ಕೆ ಕಾದರೆ, ಹಗಲಿನ ನೀರು ರಾತ್ರಿಯಷ್ಟು ಏರಲಿಲ್ಲ, ಒಂದೂವರೆ ಅಡಿ ಕಡಿಮೆ ಬಿತ್ತು. ಮತ್ತೆ ರಾತ್ರಿಯ ಉಬ್ಬರ ಬಂದಮೇಲೆಯೇ ಹಡಗು ತೇಲಿದ್ದು. ದಿನದ ಎರಡು ಉಬ್ಬರಗಳು ಸಮ ಇರುವುದಿಲ್ಲ. ಈ ಕರಾವಳಿಯಲ್ಲಿ ಚಳಿಗಾಲಕ್ಕೆ (ಇಲ್ಲಿ ಅದು ಜೂನ್ ಆಸುಪಾಸು) ರಾತ್ರಿಯದು ದೊಡ್ಡದು. ಅದಕ್ಕೇ ತೆಳುನೀರಿಗೆ ಹೋಗುವುದಾದರೆ ಇಳಿತ ಕಳೆದು ನೀರು ಏರತೊಡಗಿದ ಮೇಲೆ ಹೋಗಬೇಕು. ತಳ ತಾಗಿದರೂ ಹತ್ತು ನಿಮಿಷದಲ್ಲಿ ಕಡಲೇ ಎತ್ತಿ ಕೊಡುತ್ತದೆ.

ಪೂರ್ವ ಹೋಪ್ ದ್ವೀಪದ ಹಿಂದೆ ಮರಳಿನ ನಡುನಡುವೆ ಹವಳದ ಗುಡ್ಡೆಗಳು. ಇಲ್ಲಿನವರು ಬಾಮಿ ಎನ್ನುತ್ತಾರೆ. ಒಬ್ಬರು ಹಾಯಿಕಂಬದ ಮೊದಲ ಮೆಟ್ಟಿಲ ಮೇಲೆ, ಒಬ್ಬರು ಚುಕ್ಕಾಣಿಗೆ, ಮೂರನೆಯವರು ಆಳ ಓದುತ್ತ ಕೂಗುವುದು. ಎರಡಾಳು ಎತ್ತರಕ್ಕೆ ಏರಿದರೆ ನೋಟದ ಕೋನ ಕಡಿದಾಗಿ ನೀರೊಳಗಿನದು ತುಂಬ ಮೊದಲೇ ಕಾಣುತ್ತದೆ. ವೇಗ ಮೂರು ನಾಟ್. ನಲವತ್ತು ಮೀಟರ್ ದೂರದಲ್ಲಿ ಬಾಮಿ ಕಂಡರೆ ಆ ವೇಗಕ್ಕೆ 26 ಸೆಕೆಂಡು ಸಿಗುತ್ತದೆ, ಆರು ನಾಟ್ ಇದ್ದರೆ 13. ಇಂಜಿನ್ ಚಾಲೂ ಇರಬೇಕು, ಅದಕ್ಕೂ ಮುಂಚೆ ಯಾವ ಹಗ್ಗವೂ ನೀರಲ್ಲಿ ಜೋತಾಡುತ್ತಿಲ್ಲವೆಂದು ನೋಡಿರಬೇಕು, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಕಥೆ ಮುಗಿಯಿತು.

ಎಡವಟ್ಟು ಆದದ್ದು ಕೈಸನ್ನೆಯಲ್ಲಿ. ಮೇಲಿದ್ದವರು ಬಾಮಿಯ ಕಡೆ ಕೈ ತೋರಿದರು, ಚುಕ್ಕಾಣಿಯವರು ಅದನ್ನೇ ದಾರಿ ಎಂದುಕೊಂಡು ಅತ್ತ ತಿರುಗಿಸಿದರು. ಇಂಜಿನ್ ಹಿಂದಕ್ಕೆ ಹಾಕಿ ದೋಣಿ ನಿಂತಾಗ ಮಾಪಕದಲ್ಲಿ 1.9 ಮೀಟರ್. ಕೈ ಯಾವಾಗಲೂ ಹೋಗಬೇಕಾದ ಕಡೆಗೇ ತೋರಬೇಕು, ಅಪಾಯದ ಕಡೆಗಲ್ಲ. ಅಂಗೈ ಎತ್ತಿದರೆ ನಿಲ್ಲು. ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಹೊರಡುವ ಮುಂಚೆಯೇ ಒಪ್ಪಂದವಾಗಬೇಕಾದ ವಿಷಯ ಇದು.

ಆರು ಮೀಟರ್ ನೀರಲ್ಲಿ ಬಿಳಿ ಮರಳು ನೋಡಿ ಲಂಗರು ಬಿಟ್ಟೆವು. ಆಳದ ಆರು, ದೋಣಿಯ ಮೂತಿಯ ಎತ್ತರ ಒಂದು, ಏಳರ ಐದು ಪಟ್ಟು 35 ಮೀಟರ್ ಸರಪಳಿ. ಅದರ ಭಾರಕ್ಕೆ ಸರಪಳಿ ತಳದಲ್ಲಿ ಮಲಗುತ್ತದೆ, ದೋಣಿ ತಿರುಗಿದಾಗ ಬಾಮಿಗಳಿಗೆ ಸುತ್ತಿಕೊಳ್ಳುತ್ತದೆ, ಹವಳವೂ ಹಾಳು. ಅದಕ್ಕೊಂದು ಉಪಾಯ: ಲಂಗರಿನಿಂದ ಹತ್ತು ಮೀಟರ್ ಬಿಟ್ಟು ಮೊದಲ ತೇಲುಬುರುಡೆ, ಆಮೇಲೆ ಐದೈದು ಮೀಟರ್‌ಗೊಂದು ಕೊಕ್ಕೆ ಹಾಕುತ್ತ ಬರುವುದು. ಮೊದಲ ಹತ್ತು ಮೀಟರ್ ತಳದಲ್ಲೇ ಇದ್ದು ಲಂಗರನ್ನು ಅಡ್ಡಕ್ಕೆ ಎಳೆಯುತ್ತದೆ, ಉಳಿದದ್ದು ಹವಳದ ಮೇಲೆ ತೂಗಾಡುತ್ತದೆ. ಬುರುಡೆ ಸಣ್ಣದಿರಲಿ, ಸರಪಳಿಯನ್ನು ಪೂರಾ ಮೇಲಕ್ಕೇ ತಂದರೆ ಬೇರೆ ದೋಣಿಗಳಿಗೆ ತೊಡಕು.

ನಮ್ಮಲ್ಲಿ ಇದ್ದದ್ದು ಮೂರೇ ಬುರುಡೆ. ಅದರ ಫಲ ಮರುದಿನ ಸಿಕ್ಕಿತು.

ಮೂರನೆಯ ದಿನ: ಕುಕ್‌ಟೌನ್

ರಾತ್ರಿ ಗಾಳಿ ದಿಕ್ಕು ಬದಲಿಸಿದಾಗಲೇ ತಳದಿಂದ ಗರಗರ ಸದ್ದು ದೋಣಿಯ ಒಡಲಿಗೆ ಕೇಳಿಸುತ್ತಿತ್ತು. ಬೆಳಗ್ಗೆ ಎತ್ತಲು ಹೋದರೆ ಹನ್ನೆರಡು ಮೀಟರ್ ಬಾಕಿ ಇರುವಾಗ ಸರಪಳಿ ನೆಟ್ಟಗೆ ನಿಂತುಬಿಟ್ಟಿತು. ಅಂಥ ಹೊತ್ತಲ್ಲಿ ಲಂಗರು ಎತ್ತುವ ರಾಟೆಯ ಮೋಟರ್‌ನಿಂದ ಎಳೆಯಲೇಬಾರದು, ಸುಡುವುದು ಮೋಟರೇ. ಜೊತೆಗಿದ್ದ ಪುಟ್ಟ ದೋಣಿ ಡಿಂಗಿಯಲ್ಲಿ ಹೋಗಿ, ತಳಕ್ಕೆ ಪಾರದರ್ಶಕ ಹಾಳೆ ಕೂರಿಸಿದ ಬಕೆಟ್ಟನ್ನು ನೀರಲ್ಲಿ ಒತ್ತಿ ನೋಡಿದಾಗ ಸರಪಳಿ ಬಾಮಿಯ ಬುಡಕ್ಕೆ ಪ್ರದಕ್ಷಿಣೆಯಾಗಿ ಒಂದು ಸುತ್ತು ಹಾಕಿದ್ದು ಕಂಡಿತು. ಎಂಟು ಮೀಟರ್ ಸಡಿಲ ಬಿಟ್ಟು, ಇಂಜಿನ್ನಿನಲ್ಲಿ ನಿಧಾನಕ್ಕೆ ಅಪ್ರದಕ್ಷಿಣೆ ಬಂದೆವು. ಬಿಡಿಸಿಕೊಳ್ಳಲು ನಲವತ್ತು ನಿಮಿಷ.

ಕುಕ್‌ಟೌನ್‌ಗೆ 20 ಮೈಲಿ. ಎಂಡೆವರ್ ನದಿಯ ಅಳಿವೆ ತೆಳುವಾದದ್ದು, ಮರಳು ವರ್ಷವರ್ಷವೂ ಜಾಗ ಬದಲಿಸುತ್ತದೆ. ಒಳಹೋಗಲು ಉಬ್ಬರದ ಲೆಕ್ಕ ಬೇಕು, ಅದಕ್ಕೆ ಹನ್ನೆರಡರ ಸೂತ್ರ ಸಾಕು: ಇಳಿತದಿಂದ ಉಬ್ಬರಕ್ಕೆ ಆರು ಗಂಟೆಯಲ್ಲಿ ನೀರು ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲು ಏರುತ್ತದೆ. ಒಟ್ಟು ಏರಿಕೆ 2.4 ಮೀಟರ್ ಇದ್ದರೆ ಮೊದಲ ಗಂಟೆಗೆ ಬರೀ 20 ಸೆಂಟಿಮೀಟರ್, ಮೂರನೆಯ ಗಂಟೆಗೆ 60. ಮೂರು ಗಂಟೆ ಕಾದರೆ ಅರ್ಧ ಏರಿರುತ್ತದೆ, ಇನ್ನರ್ಧ ಕೈಯಲ್ಲಿ ಉಳಿದಿರುತ್ತದೆ. ನಾವು ಹೊಕ್ಕಿದ್ದು ಆ ಹೊತ್ತಿಗೇ.

ಧಕ್ಕೆಯಲ್ಲಿ ಗಾಳ ಹಾಕಿ ಕೂತಿದ್ದ ಹಿರಿಯ ಮೀನುಗಾರರೊಬ್ಬರು ನಮ್ಮ ಕೀಲ್ ಎಷ್ಟೆಂದು ಕೇಳಿ ತಲೆಯಾಡಿಸಿದರು. "ಸರಿ ಬಿಡಿ, 1.3 ಇದ್ದರೆ ಬದುಕಿದಿರಿ. ಆದರೆ ಲಂಗರು ಆ ಬದಿ ಹಾಕಬೇಡಿ, ಹೋದ ಮಳೆಗಾಲದಲ್ಲಿ ಅಲ್ಲಿ ಹೊಸ ಮರಳುಗುಡ್ಡೆ ಬಂದಿದೆ. ನಕ್ಷೆಗೆ ಇನ್ನೂ ಸುದ್ದಿ ಮುಟ್ಟಿಲ್ಲ." ಕಾಲು ತೊಳೆಯಲು ದಡಕ್ಕೆ ಹೋದವರಿಗೂ ಬೈಗುಳ ಬಿತ್ತು. ಈ ನದಿಯಲ್ಲಿ ಉಪ್ಪುನೀರಿನ ಮೊಸಳೆಗಳಿವೆ; ಡಿಂಗಿಯಿಂದ ಕೈ ಇಳಿಬಿಡುವುದೂ ಇಲ್ಲಿ ಒಳ್ಳೆಯದಲ್ಲ.

ನಾಲ್ಕನೆಯ ದಿನ: ಗಾಳಿಗೆ ಕಟ್ಟುಬಿದ್ದು

ಮುನ್ಸೂಚನೆ 25ರಿಂದ 30 ನಾಟ್. ಅಲೆ ಒಡೆದು ಎಲ್ಲೆಡೆ ನೊರೆ ಬಂದರೆ ದಿಬ್ಬದ ನೊರೆ ಯಾವುದು, ಕಡಲಿನದು ಯಾವುದು ತಿಳಿಯುವುದಿಲ್ಲ, ಹಾಗಾಗಿ ಹೊರಡುವ ಮಾತಿಲ್ಲ. ಕುಕ್ ತನ್ನ ಹಡಗಿನ ಒಡಲನ್ನು ರಿಪೇರಿ ಮಾಡಿಕೊಂಡು ಇದೇ ನದಿಯಲ್ಲಿ ಏಳು ವಾರ ಇದ್ದ. ಕೆಲಸ ಮುಗಿದ ಮೇಲೂ ಇದೇ ಆಗ್ನೇಯ ಗಾಳಿ ಅವನನ್ನು ಹಿಡಿದಿಟ್ಟಿತ್ತು. ಇಲ್ಲಿನ ಗುಗು ಯಿಮಿಥಿರ್ ಜನರ 'ಗಂಗುರು' ಎಂಬ ಪದ ಕಾಂಗರೂ ಆಗಿ ಇಂಗ್ಲಿಷಿಗೆ ಹೋದದ್ದು ಆ ವಾರಗಳಲ್ಲೇ.

ದಿನವೆಲ್ಲ ಇಂಜಿನ್ ಜೊತೆ. ತೆಳುನೀರಲ್ಲಿ ಓಡಿದ ಇಂಜಿನ್ ತಂಪಿಗೆಂದು ಕಡಲ ನೀರು ಎಳೆಯುವಾಗ ಮರಳು, ಪಾಚಿಯನ್ನೂ ಎಳೆದಿರುತ್ತದೆ. ಸೋಸುಬುಟ್ಟಿಯಲ್ಲಿ ಆ ಕಡಲ ಹೊಟ್ಟು ಅಂಟಿನ ಹಾಗೆ ಕೂತಿತ್ತು. ಪಂಪಿನ ರಬ್ಬರ್ ಚಕ್ರದ ಒಂದು ಎಸಳು ಮುರಿದಿತ್ತು. ಮುರಿದ ತುಂಡು ಸಿಗುವವರೆಗೂ ಬಿಡಬಾರದು, ಅದು ಮುಂದೆ ಹೋಗಿ ಶೈತ್ಯಕದ ಕೊಳವೆಯಲ್ಲಿ ಸಿಕ್ಕಿದರೆ ಹೊಸ ಚಕ್ರ ಹಾಕಿಯೂ ಇಂಜಿನ್ ಕುದಿಯುತ್ತದೆ. ಸಂಜೆ ಧಕ್ಕೆಯ ಬಳಿ ಸಿಕ್ಕ ಕರಿದ ಮೀನು, ಆಲೂಗಡ್ಡೆಗೆ ಮೂರು ಜನ ಡೀಸೆಲ್ ವಾಸನೆಯ ಕೈಯಲ್ಲೇ ಮುಗಿಬಿದ್ದೆವು.

ಐದನೆಯ ದಿನ: ಲಿಜಾರ್ಡ್‌ಗೆ

50 ಮೈಲಿ, ಒಂಬತ್ತು ಗಂಟೆ. ಮಧ್ಯಾಹ್ನ ಎರಡಕ್ಕೆ ಮುಟ್ಟಬೇಕೆಂದರೆ ಬೆಳಗ್ಗೆ ಐದಕ್ಕೆ, ಕತ್ತಲಲ್ಲೇ ಅಳಿವೆ ದಾಟಬೇಕು. ಒಳಬಂದಾಗ ಜಿಪಿಎಸ್ ಬರೆದಿಟ್ಟ ಜಾಡನ್ನೇ ಹಿಮ್ಮುಖವಾಗಿ ಹಿಡಿದೆವು. ನಿಮ್ಮದೇ ಕೀಲ್ ಒಮ್ಮೆ ಹಾದ ಗೆರೆಗಿಂತ ನಂಬಿಕಸ್ಥ ನಕ್ಷೆ ಇನ್ನೊಂದಿಲ್ಲ; ಆದರೂ ಹಾದಾಗ ನೀರು ಎಷ್ಟಿತ್ತು, ಈಗೆಷ್ಟಿದೆ ನೋಡಿಕೊಳ್ಳಬೇಕು.

ಕೇಪ್ ಬೆಡ್‌ಫರ್ಡ್ ದಾಟಿದ ಮೇಲೆ ಹಡಗುದಾರಿ ಹತ್ತಿರ ಬರುತ್ತದೆ. ಕೇರ್ನ್ಸ್‌ನಿಂದ ಉತ್ತರಕ್ಕೆ ಈ ಒಳದಾರಿಯಲ್ಲಿ ದೊಡ್ಡ ಹಡಗುಗಳಿಗೆ ದಾರಿ ತೋರಿಸುವ ಪೈಲಟ್ ಕಡ್ಡಾಯ. ಅವಕ್ಕೆ ದಿಬ್ಬಗಳ ನಡುವೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ, ಸರಿಯಬೇಕಾದವರು ನಾವು. ಕೇಪ್ ಫ್ಲಾಟರಿಯ ಬಿಳಿ ಮರಳಗುಡ್ಡಗಳು ದೂರಕ್ಕೆ ಹಿಮದಂತೆ ಹೊಳೆಯುತ್ತವೆ. ಗಾಜಿಗೆ ಬೇಕಾದ ಸಿಲಿಕಾ ಮರಳು ಇಲ್ಲಿಂದ ಹಡಗು ಹತ್ತುತ್ತದೆ. ಅಪಾಯವೆಲ್ಲ ಮುಗಿಯಿತೆಂದು ತನ್ನನ್ನು ತಾನೇ ನಂಬಿಸಿಕೊಂಡ ಕುಕ್ ಕೊಟ್ಟ ಹೆಸರು ಅದು, ಮುಗಿದಿರಲಿಲ್ಲ.

ಅಲ್ಲಿಂದ ಲಿಜಾರ್ಡ್‌ಗೆ 19 ಮೈಲಿ. ಗಾಳಿ ಬಲಪಕ್ಕಕ್ಕೆ ಬಂದು ದೋಣಿ ಇಡೀ ಪ್ರಯಾಣದಲ್ಲೇ ಚೆನ್ನಾಗಿ ಓಡಿತು. ವಾಟ್ಸನ್ಸ್ ಕೊಲ್ಲಿಯ ತಳ ಮರಳು, ಲಂಗರು ಕಚ್ಚುತ್ತದೆ. ಅಂಚುಗಳಲ್ಲಿ ಹವಳ, ಬೆಟ್ಟದ ಮೇಲಿಂದ ಮಾತ್ರ ಆಗಾಗ ಗಾಳಿ ಮೊಟಕುತ್ತದೆ.

ಆರನೆಯ ದಿನ: ಬೆಟ್ಟದ ಮೇಲಿಂದ

ಕೊಲ್ಲಿಯ ಮರಳಿನಿಂದಲೇ ಕುಕ್ಸ್ ಲುಕ್ ಶಿಖರಕ್ಕೆ ದಾರಿ. ಎತ್ತರ 359 ಮೀಟರ್, ಗ್ರಾನೈಟ್ ಬಂಡೆಯ ಏರು, ಹತ್ತಿ ಇಳಿಯಲು ಎರಡೂವರೆ ಗಂಟೆ. 1770ರ ಆಗಸ್ಟ್‌ನಲ್ಲಿ ಕುಕ್ ಇಲ್ಲಿ ಹತ್ತಿ ಹೊರದಿಬ್ಬದ ನೊರೆಗೆರೆ ಮತ್ತು ಅದರ ನಡುವಿನ ಸಂದುಗಳನ್ನು ನೋಡಿದ. ಅದರಲ್ಲೊಂದರ ಮೂಲಕ ಹೊರಗಡಲಿಗೆ ಪಾರಾದ. ಅವನು ಬಂದದ್ದೂ ಇದೇ ಕೆಲಸಕ್ಕೆ, ಎತ್ತರದಿಂದ ನೀರಿನ ಬಣ್ಣ ಓದಲು. ಇಳಿತದ ಹೊತ್ತಿಗೆ ಮೇಲಿದ್ದರೆ ದಕ್ಷಿಣದ ಲಗೂನಿನ (ಹವಳದಿಬ್ಬದ ಒಳಗಿನ ತೆಳುನೀರಿನ) ಪ್ರತಿ ಬಾಮಿಯೂ ಎಣಿಸುವಂತೆ ಕಾಣುತ್ತದೆ. ಫೋನಿನಲ್ಲಿ ಚಿತ್ರ ತೆಗೆದುಕೊಂಡು ಮಧ್ಯಾಹ್ನ ಡಿಂಗಿಯಲ್ಲಿ ಅದನ್ನೇ ನಕ್ಷೆಯಾಗಿ ಬಳಸಿದೆವು. ಉಪಗ್ರಹ ಚಿತ್ರವೂ ಇತ್ತು, ಆದರೆ ಅದರ ಮರಳು ಯಾವ ವರ್ಷದ್ದೋ.

ಇಷ್ಟಾಗಿಯೂ ಡಿಂಗಿಯ ಪ್ರೊಪೆಲ್ಲರ್ ಒಂದು ಬಾಮಿಗೆ ತಗುಲಿ ಇಂಜಿನ್ ಕಿರುಚಿತು, ದೋಣಿ ಮಾತ್ರ ಮುಂದೆ ಹೋಗಲಿಲ್ಲ. ಮುರಿದದ್ದು ಶಿಯರ್ ಪಿನ್. ಮುರಿಯಲೆಂದೇ ಮಾಡಿದ ಮೆತ್ತನೆ ಕಡ್ಡಿ ಅದು. ಗೇರ್ ಉಳಿಸಲು ತಾನು ಸಾಯುತ್ತದೆ. ಹೆಚ್ಚುವರಿ ಎರಡನ್ನು ಇಂಜಿನ್ ಮುಚ್ಚಳದ ಒಳಗೇ ಟೇಪು ಹಾಕಿ ಅಂಟಿಸಿಟ್ಟಿದ್ದರಿಂದ ಹತ್ತು ನಿಮಿಷದ ಕೆಲಸ. ಆ ಜಾಗಕ್ಕೆ ಉಕ್ಕಿನ ಮೊಳೆ ತುರುಕುವವರಿದ್ದಾರೆ, ಮುಂದಿನ ಸಲ ಅವರ ಗೇರೇ ಹೋಗುತ್ತದೆ.

ಕೊಲ್ಲಿಯ ದಡದಲ್ಲಿ ಒಂದು ಮನೆಯ ಕಲ್ಲುಗೋಡೆಯ ಅವಶೇಷ. ಈ ದ್ವೀಪ ಡಿಂಗಾಲ್ ಜನರ ಪವಿತ್ರ ನೆಲ, ಅವರ ಮಾತಲ್ಲಿ ಜೀಗುರು. 1881ರಲ್ಲಿ ಇಲ್ಲಿ ಘರ್ಷಣೆಯಾಗಿ ಮೇರಿ ವಾಟ್ಸನ್ ಎಂಬಾಕೆ ತನ್ನ ಕೂಸು ಮತ್ತು ಅಹ್ ಸ್ಯಾಮ್ ಎಂಬ ಚೀನೀ ಕೆಲಸಗಾರನೊಡನೆ ಕಡಲಸೌತೆ ಎಂಬ ಕಡಲಜೀವಿಯನ್ನು ಬೇಯಿಸುವ ಕಬ್ಬಿಣದ ತೊಟ್ಟಿಯಲ್ಲಿ ಕೂತು ತಪ್ಪಿಸಿಕೊಂಡಳು. ಮೂವರೂ ಸತ್ತದ್ದು ಬಾಯಾರಿಕೆಯಿಂದ. ಈ ದ್ವೀಪಗಳಲ್ಲಿ ಸಿಹಿನೀರನ್ನು ನೆಚ್ಚುವಂತಿಲ್ಲ. ತಲೆಗೆ ದಿನಕ್ಕೆ ನಾಲ್ಕು ಲೀಟರ್, ಮೂರು ಜನಕ್ಕೆ ಹತ್ತು ದಿನ ಎಂದರೆ 120. ನಾವು 160 ಹೊತ್ತಿದ್ದೆವು, ಅದರಲ್ಲಿ 40 ಬೇರೆ ಕ್ಯಾನುಗಳಲ್ಲಿ, ತೊಟ್ಟಿಗೆ ಉಪ್ಪುನೀರು ಸೇರಿದರೂ ಇರಲೆಂದು.

ಏಳನೆಯ ದಿನ: ಮುಖಗಾಳಿ

ವಾರವಿಡೀ ಬೆನ್ನ ತಳ್ಳಿದ ಗಾಳಿಗೆ ಈಗ ಎದುರು ಹೋಗಬೇಕು. ಹಾಯಿಯಲ್ಲಿ ಓರೆಯೋರೆಯಾಗಿ ಹೋದರೆ 50 ಮೈಲಿ ಎಪ್ಪತ್ತನ್ನೂ ಮೀರುತ್ತದೆ. ಕುಕ್‌ಟೌನಿನ ಆ ಹಿರಿಯರು ಹೇಳಿದ್ದರು, "ಗಾಳಿ ಬೆಳಗಿನ ಜಾವ ಮಲಗುತ್ತೆ, ಅದು ಏಳೋದರೊಳಗೆ ನೀವು ಎದ್ದಿರಿ." ಮೂರು ಗಂಟೆಗೆ, ಒಳಬಂದ ಜಾಡು ಹಿಡಿದೇ ಕೊಲ್ಲಿ ಬಿಟ್ಟೆವು. ಇಂಜಿನ್ ಜೊತೆಗೆ ದೊಡ್ಡ ಹಾಯಿಯನ್ನು ಬಿಗಿಯಾಗಿ ನಡುವಿಗೆ ಕಟ್ಟಿದರೆ ಉರುಳಾಟ ಕಡಿಮೆ. ಗಂಟೆಗೆ ಎರಡು ಲೀಟರ್ ಡೀಸೆಲ್ ಲೆಕ್ಕ. ಗಾಳಿ ಎಂಟು ನಾಟ್, ಆಮೇಲೆ ಹತ್ತು. ಎಂಟೂವರೆಗೆ ಕೇಪ್ ಫ್ಲಾಟರಿಯ ಮರೆಗೆ ಬಂದು ಐದು ಮೀಟರ್ ಮರಳಲ್ಲಿ ಲಂಗರು ಬಿಡುವಾಗ ಹೊರಗೆ ಆಗಲೇ ನೊರೆ ಏಳುತ್ತಿತ್ತು.